ಬಿಲ್ ತಟ್ಟೆಯ ಚಿಲ್ಲರೆಗೆ ಲೆಕ್ಕ ಯಾರದು?

1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ದಕ್ಷಿಣ ಬೆಂಗಳೂರಿನವರಿಗೆ ನಿಂತೇ ಇಡ್ಲಿ-ವಡೆ ತಿನ್ನುವುದು ರೂಢಿಯಾಯಿತು. ಶ್ರೀನಗರ ಬಸ್ ನಿಲ್ದಾಣದ ಆಸುಪಾಸಿನಲ್ಲೂ ಹಾಗೇ: ಕೌಂಟರಿನಲ್ಲಿ ಟೋಕನ್ ತಗೊಂಡು, ನಮ್ಮ ತಟ್ಟೆಯನ್ನು ನಾವೇ ಎತ್ತಿಕೊಳ್ಳಬೇಕು. ಸಪ್ಲೈಯರೇ ಇಲ್ಲದ ಕಡೆ ಟಿಪ್ಸ್ ಎಲ್ಲಿಯದು? ಹಾಗಂತ ಟಿಪ್ಸ್ ಏನೂ ಊರು ಬಿಡಲಿಲ್ಲ. ಫ್ಯಾಮಿಲಿ ರೆಸ್ಟೋರೆಂಟಿನ ಸೋಂಪಿನ ತಟ್ಟೆಯಲ್ಲಿದೆ, ಸಲೂನಿನಲ್ಲಿದೆ, ಊಟ ತರುವ ಹುಡುಗನ ಆ್ಯಪ್‌ನಲ್ಲೂ ಇದೆ. ಈ ದುಡ್ಡಿಗೂ ತೆರಿಗೆಯಾ ಎಂದರೆ ಕೊಟ್ಟವರೂ ತಗೊಂಡವರೂ ನಗುತ್ತಾರೆ.

ನಗುವ ವಿಷಯವಲ್ಲ. ಇದು ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಬಂದಿದೆ. ಗಿರಾಕಿಗಳು ಕಾರ್ಡಿನಲ್ಲಿ ಕೊಟ್ಟ ಟಿಪ್ಸನ್ನು ದೊಡ್ಡ ಹೋಟೆಲುಗಳು ಒಟ್ಟುಮಾಡಿ ನೌಕರರಿಗೆ ಹಂಚುತ್ತಿದ್ದವು. ಅದೂ ಸಂಬಳವೇ ಅಲ್ಲವೇ, ಟಿಡಿಎಸ್ ಏಕೆ ಕಡಿಯಲಿಲ್ಲ ಎಂದು ಆದಾಯ ತೆರಿಗೆ ಇಲಾಖೆ ತಗಾದೆ ತೆಗೆಯಿತು. 2011ರಲ್ಲಿ ದೆಹಲಿ ಹೈಕೋರ್ಟ್ ಇಲಾಖೆಯ ಮಾತನ್ನು ಒಪ್ಪಿತು. 2016ರ ಏಪ್ರಿಲ್ 26ರಂದು ಐಟಿಸಿ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಕುರಿಯನ್ ಜೋಸೆಫ್ ಮತ್ತು ರೋಹಿಂಟನ್ ನಾರಿಮನ್ ಅವರ ಪೀಠ ಆ ತೀರ್ಪನ್ನು ರದ್ದುಮಾಡಿತು. ಟಿಪ್ಸ್ ಕೊಡುವವನು ಗಿರಾಕಿ, ಮಾಲೀಕನಲ್ಲ. ಆದ್ದರಿಂದ ಅದು ಸಂಬಳವಲ್ಲ, ಮಾಲೀಕ ಟಿಡಿಎಸ್ ಕಡಿಯಬೇಕಿಲ್ಲ. ನೌಕರನ ಪಾಲಿಗೆ ಅದು ‘ಇತರ ಮೂಲಗಳ ಆದಾಯ’.

ತೀರ್ಪಿನ ತರ್ಕ ಸರಿಯಾಗಿಯೇ ಇದೆ. ಆದರೆ ಅಕೌಂಟೆಂಟ್ ಇಟ್ಟುಕೊಂಡ ಮಾಲೀಕ ಕೈತೊಳೆದುಕೊಂಡ. ಲೆಕ್ಕ ಬರೆಯುವ ಕೆಲಸ, ರಾತ್ರಿ ಹನ್ನೊಂದಕ್ಕೆ ಟೇಬಲ್ ಒರೆಸಿ ಮನೆಗೆ ಹೋಗುವವನ ಹೆಗಲಿಗೆ ಬಿತ್ತು. ಅವನ ಫಾರಂ 16ರಲ್ಲಿ ಟಿಪ್ಸ್ ಕಾಣುವುದಿಲ್ಲ. ತಾನಾಗಿ ಬರೆದಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಎಷ್ಟಾದರೆ ರಿಟರ್ನ್ ಸಲ್ಲಿಸಬೇಕು? ತಿಂಗಳಿಗೆ 28,000 ರೂ. ಸಂಬಳದವರನ್ನು ತಗೊಳ್ಳಿ. ವರ್ಷಕ್ಕೆ 3.36 ಲಕ್ಷ. 2025-26ರ ಹೊಸ ಪದ್ಧತಿಯಲ್ಲಿ 75,000 ರೂ. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 2.61 ಲಕ್ಷ. ಈ ಕಡಿತ ಸಂಬಳಕ್ಕೆ ಮಾತ್ರ, ಟಿಪ್ಸ್‌ಗಿಲ್ಲ. ದಿನಕ್ಕೆ 400 ರೂ. ಟಿಪ್ಸ್, ವರ್ಷಕ್ಕೆ 300 ದಿನ ಕೆಲಸ ಎಂದರೆ 1.20 ಲಕ್ಷ, ಒಟ್ಟು 3.81 ಲಕ್ಷ. 4 ಲಕ್ಷದ ಮಿತಿಯೊಳಗೇ ಇರುವುದರಿಂದ ಕಡ್ಡಾಯವಿಲ್ಲ. ಟಿಪ್ಸ್ 500 ಆಯಿತೋ, ಒಟ್ಟು 4.11 ಲಕ್ಷ, ರಿಟರ್ನ್ ಕಡ್ಡಾಯ. ತೆರಿಗೆ? ಸೊನ್ನೆ. 12 ಲಕ್ಷದವರೆಗೆ ರಿಬೇಟ್ ಇದೆಯಲ್ಲ! ಜನ ಎಡವುವುದು ಇಲ್ಲೇ: ತೆರಿಗೆ ಇಲ್ಲ ಎಂದರೆ ರಿಟರ್ನೂ ಬೇಡ ಎಂದುಕೊಳ್ಳುತ್ತಾರೆ. ಗಡುವು ದಾಟಿದರೆ, ಆದಾಯ 5 ಲಕ್ಷ ಮೀರದವರಿಗೂ 1,000 ರೂ.ವರೆಗೆ ತಡದ ಶುಲ್ಕ.

ವರ್ಷಕ್ಕೆ 50,000 ರೂ.ವರೆಗಿನ ಉಡುಗೊರೆಗೆ ತೆರಿಗೆ ಇಲ್ಲ, ಟಿಪ್ಸೂ ಉಡುಗೊರೆ ತಾನೇ ಎಂಬ ವಾದವೂ ಇದೆ. ನನಗೆ ಒಪ್ಪಿಗೆಯಿಲ್ಲ. ಬಡಿಸಿದ್ದಕ್ಕೆ, ತಲೆಗೆ ಎಣ್ಣೆ ತಿಕ್ಕಿದ್ದಕ್ಕೆ ಬಂದ ದುಡ್ಡು ಕೆಲಸದಿಂದಲೇ ಬಂದದ್ದು. ಅಮೆರಿಕದವರು ಟಿಪ್ಸ್ ಆದಾಯವೇ ಎಂದು ಒಪ್ಪಿಕೊಂಡು, 2025ರ ಜುಲೈ 4ರ ಕಾಯ್ದೆಯಲ್ಲಿ ವರ್ಷಕ್ಕೆ 25,000 ಡಾಲರ್‌ವರೆಗೆ ಕಡಿತ ಕೊಟ್ಟಿದ್ದಾರೆ, 2028ರ ತನಕ. ನಮ್ಮಲ್ಲಿ ಅಂಥ ಪ್ರತ್ಯೇಕ ವಿನಾಯಿತಿ ಇಲ್ಲ.

ಅದೇ ಜುಲೈನಲ್ಲಿ ನಮ್ಮಲ್ಲಿ ಇನ್ನೊಂದು ಗಲಾಟೆ. ಯುಪಿಐ ವಹಿವಾಟು ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಬೋರ್ಡುಗಳು ಎದ್ದವು. ಅದು ಜಿಎಸ್‌ಟಿ ಸಂಗತಿ. ಸಪ್ಲೈಯರ್ ಫೋನಿಗೆ ಬಂದ 50 ರೂ.ಗೂ ಅದಕ್ಕೂ ಸಂಬಂಧವಿಲ್ಲ. ನಗದಿನಲ್ಲಿ ಪಡೆದರೆ ಆದಾಯವಲ್ಲ ಎಂಬ ನಂಬಿಕೆಯೂ ಅಷ್ಟೇ ಟೊಳ್ಳು.

ಡೆಲಿವರಿಯವರ ಲೆಕ್ಕವೇ ಬೇರೆ. ಅವರು ಕಂಪನಿಯ ನೌಕರರಲ್ಲ, ‘ಪಾರ್ಟ್‌ನರ್’ಗಳು. ಟಿಪ್ಸೂ ಸೇರಿ ಅವರದು ವ್ಯವಹಾರದ ಆದಾಯ. ಅನೇಕರು ಐಟಿಆರ್-4ರಲ್ಲಿ, 44ಎಡಿ ಸೆಕ್ಷನ್ ಪ್ರಕಾರ, ಬ್ಯಾಂಕಿಗೆ ಬಂದದ್ದರಲ್ಲಿ ಕನಿಷ್ಠ 6%, ನಗದಿನಲ್ಲಿ 8% ಲಾಭ ತೋರಿಸುತ್ತಾರೆ. ಪೆಟ್ರೋಲ್ ಬಿಲ್ ಕೂಡಿಡುವ ಕಷ್ಟವಿಲ್ಲ. 194ಸಿ ಅಡಿ 1% ಟಿಡಿಎಸ್ ಕಡಿಯುವ ಕಡೆ ವರ್ಷಕ್ಕೆ 3 ಲಕ್ಷ ದುಡಿದವರಿಂದ 3,000 ರೂ. ಸರ್ಕಾರಕ್ಕೆ ಹೋಗಿರುತ್ತದೆ. ಕಟ್ಟಬೇಕಾದ ತೆರಿಗೆ ಇರುವುದಿಲ್ಲ, ಆದರೆ ಕೇಳದೆ ಯಾರೂ ವಾಪಸ್ ಕೊಡುವುದೂ ಇಲ್ಲ. ಪ್ಯಾನ್ ನಂಬರ್ ಹಾಕಿ ಫಾರಂ 26ಎಎಸ್ ತೆರೆದರೆ ಕಡಿದ ಮೊತ್ತ ಕಾಣುತ್ತದೆ. ಮೊದಲ ಗಡುವು ತಪ್ಪಿದ್ದರೂ ಡಿಸೆಂಬರ್ 31ರವರೆಗೆ ರಿಟರ್ನ್ ಸಲ್ಲಿಸಿ ಅದನ್ನು ಕೇಳಬಹುದು.