ಬಾಟಲಿಗೆ ತುಂಬುವ ಮುನ್ನ ಅಳೆದು ನೋಡಿರಿ

ಬ್ರಿಟನ್ನಿನಲ್ಲಿ ಸ್ವಂತ ಬಳಕೆಗಾಗಿ ಮನೆಯಲ್ಲಿ ಬಿಯರ್ ತಯಾರಿಸಲು 1963ರಿಂದ ಪರವಾನಗಿಯ ಅಗತ್ಯವಿಲ್ಲ. ನಮ್ಮ ರಾಜ್ಯದಲ್ಲಿ ಪರವಾನಗಿಯಿಲ್ಲದ ತಯಾರಿಕೆಯು 1965ರ ಕರ್ನಾಟಕ ಅಬಕಾರಿ ಅಧಿನಿಯಮದ ಅನ್ವಯ ಅಪರಾಧವಾಗಿದೆ. ಆದಾಗ್ಯೂ, ಬಿಯರ್ ಬಾಟಲಿಗೆ ಸಿದ್ಧವಾಯಿತೆಂದು ಅಲ್ಲಿನವರು ನಿರ್ಣಯಿಸುವ ಕ್ರಮವು, ಹುದುಗಿಸಿದ ಪಾನೀಯಗಳನ್ನು ಉತ್ಪಾದಿಸುವ ನಮ್ಮ ಸಣ್ಣ ಉದ್ಯಮಿಗಳಿಗೂ ಅನುಸರಣೀಯವಾಗಿದೆ.

ಯೀಸ್ಟ್ ಸಕ್ಕರೆಯನ್ನು ಮದ್ಯಸಾರ ಹಾಗೂ ಇಂಗಾಲದ ಡೈಆಕ್ಸೈಡ್ ಅನಿಲವಾಗಿ ಪರಿವರ್ತಿಸುತ್ತದೆ. ಗುಳ್ಳೆಗಳು ನಿಂತೊಡನೆ ಈ ಕ್ರಿಯೆ ಮುಗಿಯಿತೆಂದು ಭಾವಿಸುವುದು ತಪ್ಪು. ಉಷ್ಣಾಂಶ ಇಳಿದರೂ, ಮುಚ್ಚಳ ಸಡಿಲವಾಗಿದ್ದರೂ ಗುಳ್ಳೆಗಳು ಕಾಣಿಸುವುದಿಲ್ಲ. ನಂಬತಕ್ಕ ಸಾಕ್ಷಿಯೆಂದರೆ ಹೈಡ್ರೋಮೀಟರ್. ಆರಂಭದಲ್ಲಿ 1.050ರಷ್ಟಿದ್ದ ಸಾಪೇಕ್ಷ ಸಾಂದ್ರತೆಯು, ಸಕ್ಕರೆ ವ್ಯಯವಾದಂತೆ, ಸಾಮಾನ್ಯವಾಗಿ 1.012ರ ಆಸುಪಾಸಿಗೆ ಇಳಿಯುತ್ತದೆ. ಎರಡು ಮೂರು ದಿನಗಳ ಅಂತರದಲ್ಲಿ, ಒಂದೇ ಉಷ್ಣಾಂಶದಲ್ಲಿ ತೆಗೆದ ಎರಡು ಅಳತೆಗಳು ಸಮನಾಗಿರಬೇಕು. ಜೊತೆಗೆ ನಿರೀಕ್ಷಿತ ಅಂತಿಮ ಅಂಕಿಗೆ ಸಮೀಪವಿರಬೇಕು. 1.020ರಲ್ಲಿಯೇ ನಿಂತಿದ್ದರೆ ಯೀಸ್ಟ್ ತಾತ್ಕಾಲಿಕವಾಗಿ ಸ್ಥಗಿತಗೊಂಡಿರುವ ಸಾಧ್ಯತೆಯುಂಟು.

ನೊರೆಗಾಗಿ ಬಾಟಲಿಗೆ ತುಂಬುವಾಗ ಲೀಟರಿಗೆ ಸುಮಾರು 6 ಗ್ರಾಂ ಸಕ್ಕರೆ ಸೇರಿಸುವುದು ವಾಡಿಕೆ. 1.020ರಲ್ಲಿಯೇ ಅವಸರದಿಂದ ತುಂಬಿದರೆ, ಒಳಗುಳಿದ ಸಕ್ಕರೆಯು ಮುಂದೆ ಹುದುಗಿ, ಈ 6 ಗ್ರಾಂ ನೀಡುವ ಅನಿಲದ ಎರಡು ಪಟ್ಟಿಗೂ ಮಿಗಿಲಾದ ಅನಿಲವನ್ನು ಹೆಚ್ಚುವರಿಯಾಗಿ ಉಂಟುಮಾಡಬಲ್ಲದು. ಬಾಟಲಿ ಸಿಡಿದು ಗಾಜು ಚೂರಾಗುತ್ತದೆ. ಸರಕಿನ ನಷ್ಟಕ್ಕಿಂತ ಮನುಷ್ಯರಿಗಾಗುವ ಗಾಯ ದೊಡ್ಡದು.

ಅಂದಾಜಿನ ದಾಸ್ತಾನನ್ನು ಲೆಕ್ಕಪರಿಶೋಧಕನು ಒಪ್ಪುವುದಿಲ್ಲ. ಎಣಿಸಿ ತಾಳೆ ನೋಡುತ್ತಾನೆ. ಇಲ್ಲಿಯೂ ಅದೇ ನಿಯಮ. ಪ್ರತಿ ಬ್ಯಾಚಿನ ಅಳತೆಗಳನ್ನು ದಿನಾಂಕಸಹಿತ ದಾಖಲಿಸಿರಿ. ಮೂರು ದಿನ ತಡವಾಗಿ ಬರುವ ಹಣವು ನಷ್ಟವಲ್ಲ.