ಗಣಕಯಂತ್ರದ ವೇಗ ಮತ್ತು ಬಿಸಿಲ ನಾಡಿನ ಉಷ್ಣ

ಗಣಕಯಂತ್ರದ ಹೃದಯವೆನಿಸಿದ ಪ್ರೊಸೆಸರ್ ಹೆಬ್ಬೆರಳಿನ ಉಗುರಿನಷ್ಟಗಲದ ಸಿಲಿಕಾನ್ ಬಿಲ್ಲೆ. ಅದರಲ್ಲಡಗಿರುವ ಕೋಟ್ಯಂತರ ಟ್ರಾನ್ಸಿಸ್ಟರುಗಳು ಒಂದೇ ಗಡಿಯಾರದ ಮಿಡಿತಕ್ಕೆ ಹೊಂದಿಕೊಂಡು ಕೆಲಸ ಮಾಡುತ್ತವೆ. 4 ಗಿಗಾಹರ್ಟ್ಸ್ ವೇಗವೆಂದರೆ ಸೆಕೆಂಡಿಗೆ 400 ಕೋಟಿ ಮಿಡಿತಗಳು. ತಯಾರಕರು ಗೊತ್ತುಪಡಿಸಿದ ಈ ವೇಗವನ್ನು ಬಳಸುವವರೇ ಹೆಚ್ಚಿಸಿಕೊಳ್ಳುವುದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಹಣ ವ್ಯಯಿಸದೆ ವೇಗ ದೊರೆಯುವುದೆಂದು ತರುಣರು ಇದರತ್ತ ಆಕರ್ಷಿತರಾಗುವುದು ಸಹಜ. ಆದರೆ ಏಪ್ರಿಲ್–ಮೇ ತಿಂಗಳುಗಳಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಹುಣಸಗಿಯಂತಹ ಊರಿನಲ್ಲಿ ಈ ವೇಗಕ್ಕೆ ತೆರಬೇಕಾದ ಬೆಲೆಯನ್ನು ಮೊದಲು ಅರಿಯುವುದು ಲೇಸು.

ಪ್ರೊಸೆಸರ್ ಹೀರಿಕೊಂಡ ವಿದ್ಯುತ್ತೆಲ್ಲವೂ ಕೊನೆಗೆ ಉಷ್ಣವಾಗಿಯೇ ಹೊರಬೀಳುತ್ತದೆ. ಈ ಉಷ್ಣವು ವೇಗಕ್ಕೆ ಅನುಗುಣವಾಗಿಯೂ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. ವೇಗ ಹೆಚ್ಚಿಸಿದಾಗ ಲೆಕ್ಕಾಚಾರ ತಪ್ಪದಿರಲು ವೋಲ್ಟೇಜನ್ನೂ ಏರಿಸಬೇಕಾಗುವುದು. ಎರಡನ್ನೂ ಶೇಕಡ 10ರಷ್ಟು ಏರಿಸಿದರೆ ಉಷ್ಣವು ಶೇಕಡ 33ರಷ್ಟು ಏರುತ್ತದೆ. ಲಾಭ ಹತ್ತು, ಹೊರೆ ಮೂವತ್ತಮೂರು!

ಈ ಉಷ್ಣವನ್ನು ಸಾಗಿಸುವ ಏರ್ಪಾಡು ಸರಳವಾದುದು. ಬಿಲ್ಲೆಯ ಮುಚ್ಚಳಕ್ಕೂ ಅದರ ಮೇಲಿನ ಲೋಹದ ಹೀಟ್‌ಸಿಂಕಿಗೂ ನಡುವೆ ಉಷ್ಣವಾಹಕ ಪೇಸ್ಟನ್ನು ತೆಳುವಾಗಿ ಸವರಿ, ಗಾಳಿಯ ಸೂಕ್ಷ್ಮ ಪೊಳ್ಳುಗಳನ್ನು ತುಂಬುತ್ತಾರೆ. ಹೀಟ್‌ಸಿಂಕಿನ ರೆಕ್ಕೆಗಳಿಗೆ ಹರಡಿದ ಉಷ್ಣವನ್ನು ಫ್ಯಾನಿನ ಗಾಳಿ ಒಯ್ಯುತ್ತದೆ. ಇಲ್ಲಿ ಮರೆಯಬಾರದ ಸಂಗತಿಯೆಂದರೆ, ಈ ಏರ್ಪಾಡು ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಂಪಾಗಿಸಲಾರದು. ಮಣ್ಣಿನ ಹರವಿಯ ನೀರು ಹೊರಗಿನ ಗಾಳಿಗಿಂತ ತಣ್ಣಗಿರುವುದು ಅದರ ಮೈಯಿಂದ ತೇವ ಆವಿಯಾಗುವುದರಿಂದ. ಒಣ ಹೀಟ್‌ಸಿಂಕಿಗೆ ಆ ಭಾಗ್ಯವಿಲ್ಲ.

ನಿದರ್ಶನಕ್ಕಾಗಿ, ಪ್ರತಿ ವ್ಯಾಟ್ ಉಷ್ಣಕ್ಕೆ 0.35 ಡಿಗ್ರಿ ತಾಪವೇರುವ ಕೂಲರನ್ನು ತೆಗೆದುಕೊಳ್ಳೋಣ. 125 ವ್ಯಾಟಿನ ಪ್ರೊಸೆಸರ್ ಕೋಣೆಯ ಗಾಳಿಗಿಂತ 44 ಡಿಗ್ರಿ ಬಿಸಿಯಾಗುತ್ತದೆ. 25 ಡಿಗ್ರಿಯ ಕೋಣೆಯಲ್ಲಿ ಅದು 69. ಹುಣಸಗಿಯ ಬೇಸಿಗೆಯ 42 ಡಿಗ್ರಿಯಲ್ಲಿ 86. ಮೇಲೆ ಹೇಳಿದಂತೆ ವೇಗ ಹೆಚ್ಚಿಸಿದರೆ ಉಷ್ಣ 166 ವ್ಯಾಟಿಗೇರಿ, ಮೊದಲ ಕೋಣೆಯಲ್ಲಿ 83, ಎರಡನೆಯದರಲ್ಲಿ 100 ಡಿಗ್ರಿ ಮುಟ್ಟುತ್ತದೆ. ಇಂಟೆಲ್ಲಿನ ಅನೇಕ ಪ್ರೊಸೆಸರುಗಳಿಗೆ 100 ಡಿಗ್ರಿಯೇ ಗರಿಷ್ಠ ಮಿತಿ. ಆ ಮಿತಿ ತಲುಪಿದೊಡನೆ ಪ್ರೊಸೆಸರ್ ಆತ್ಮರಕ್ಷಣೆಗಾಗಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಗಳಿಸಿದ ವೇಗ ಅಲ್ಲಿಗೇ ಕರಗಿಹೋಗುತ್ತದೆ. ಹೆಚ್ಚಿನ ತಾಪ ಮತ್ತು ವೋಲ್ಟೇಜುಗಳು ಒಳಗಿನ ಸೂಕ್ಷ್ಮ ತಂತುಗಳನ್ನು ಸವೆಸಿ ಆಯುಷ್ಯವನ್ನೂ ಕುಗ್ಗಿಸುತ್ತವೆ.

ಗಾಳಿ ಸಾಲದೆಡೆ ದ್ರವದ ಮೊರೆಹೋಗುವುದುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ 3.3 ಪೆಟಾಫ್ಲಾಪ್ ಸಾಮರ್ಥ್ಯದ ‘ಪರಮ್ ಪ್ರವೇಗ’ ಮಹಾಗಣಕವು ದ್ರವದಿಂದ ತಂಪಾಗುವ ಬಗೆಯದು. ಅದೇ ವರ್ಷದ ಕೊನೆಯಲ್ಲಿ ವಿದೇಶದ ಸಾಹಸಿಗಳು ದ್ರವ ಹೀಲಿಯಂ ಸುರಿದು ಒಂದು ಪ್ರೊಸೆಸರನ್ನು 9 ಗಿಗಾಹರ್ಟ್ಸ್ ದಾಟಿಸಿದರು. ಅದು ಕ್ಷಣಮಾತ್ರದ ದಾಖಲೆಯೇ ಹೊರತು ದಿನನಿತ್ಯದ ದಾರಿಯಲ್ಲ.

ದಾನಿಗಳ ಔದಾರ್ಯದಿಂದ ಬಂದ ಗಣಕಯಂತ್ರಗಳು ಶಾಲೆಯಲ್ಲಿ ಹಲವು ತಂಡದ ಮಕ್ಕಳಿಗೆ ಒದಗಬೇಕಾದವು. ಅವುಗಳ ಮೇಲೆ ಓವರ್‌ಕ್ಲಾಕಿಂಗ್ ಪ್ರಯೋಗ ಸಲ್ಲದು. ಬೇಸಿಗೆಗೆ ಮುನ್ನ ವಿದ್ಯುತ್ ಸಂಪರ್ಕ ತಪ್ಪಿಸಿ, ಫ್ಯಾನು ತಿರುಗದಂತೆ ಹಿಡಿದು, ಹೀಟ್‌ಸಿಂಕಿನ ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆಯಬೇಕು. ಒಣಗಿದ ಪೇಸ್ಟನ್ನು ಬದಲಿಸಬೇಕು. ಪೆಟ್ಟಿಗೆಯನ್ನು ಗೋಡೆಗೆ ಒತ್ತಿಡದೆ, ಬಿಸಿಗಾಳಿ ಹೊರಹೋಗಲು ಎಡೆಗೊಡಬೇಕು. ಉಷ್ಣತೆಯನ್ನು ತೋರಿಸುವ ತಂತ್ರಾಂಶವನ್ನು ವಿದ್ಯಾರ್ಥಿಗಳ ಕೈಗಿತ್ತು, ಮುಂಜಾನೆಯ ಮತ್ತು ಮಧ್ಯಾಹ್ನದ ಅಂಕಿಗಳನ್ನು ಬರೆಸಿದರೆ ಅದೇ ಒಂದು ಭೌತಶಾಸ್ತ್ರದ ಪಾಠವಾದೀತು. ತಂಪಿನ ಮೇಲಿಟ್ಟ ಈ ಗಮನದಿಂದ ಯಂತ್ರ ತನ್ನ ಸಹಜ ವೇಗವನ್ನು ನಡುಬೇಸಿಗೆಯಲ್ಲೂ ಉಳಿಸಿಕೊಳ್ಳುತ್ತದೆ.