ಅಂಗೈಯಗಲದ ಲೋಹ, ಅಳಿಯದ ವಿಶ್ವಾಸ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ನಮ್ಮ ಕಥೋಲಿಕ ಕುಟುಂಬಗಳಲ್ಲಿ ದೇವರ ಪೀಠದ ಮೇಲೆ ಹಿತ್ತಾಳೆಯ ಶಿಲುಬೆ, ಜಪಸರದಲ್ಲಿ ಮಾತೆ ಮರಿಯಮ್ಮನವರ ಪದಕ ಇರುವುದು ವಾಡಿಕೆ. ದಿನನಿತ್ಯ ಮುಟ್ಟಿ ಮುದ್ದಿಡುವ ಈ ಪುಟ್ಟ ಲೋಹರೂಪಗಳಿಗೆ ದೊಡ್ಡದೊಂದು ಚರಿತ್ರೆಯಿದೆ.

15ನೆಯ ಶತಮಾನದಲ್ಲಿ ಇಟಲಿಯ ಶಿಲ್ಪಿಗಳು ಅಂಗೈಯಲ್ಲಿ ಹಿಡಿಯಬಹುದಾದ ಉಬ್ಬುಶಿಲ್ಪದ ಫಲಕಗಳನ್ನು ರಚಿಸತೊಡಗಿದರು. ಇವಕ್ಕೆ ಪ್ಲಾಕೆಟ್ ಎಂದು ಹೆಸರು. ಮೇಣದಲ್ಲಿ ಚಿತ್ರವನ್ನು ರೂಪಿಸಿ, ಅಚ್ಚು ತೆಗೆದು, ಕಂಚನ್ನೋ ಸೀಸವನ್ನೋ ಎರಕ ಹೊಯ್ಯುತ್ತಿದ್ದರು. ಒಂದೇ ಮಾದರಿಯಿಂದ ಹಲವು ಪ್ರತಿಗಳು ಹೊರಬರುತ್ತಿದ್ದುದರಿಂದ ಶ್ರೇಷ್ಠ ಶಿಲ್ಪಿಯ ಕೃತಿ ಮನೆಯ ಪ್ರಾರ್ಥನೆಗೂ ಒದಗಿತು. 'ಮೊದೆರ್ನೊ' ಎಂಬ ಹೆಸರಿನಿಂದ ಪ್ರಸಿದ್ಧನಾದ ಶಿಲ್ಪಿ ಪ್ರಭುವಿನ ಶಿಲುಬೆ ಮರಣವನ್ನೂ ಬಾಲಯೇಸುವನ್ನೆತ್ತಿದ ಮಾತೆಯನ್ನೂ ಹೀಗೆಯೇ ಮೂಡಿಸಿದನು. ಕೆಲವು ಫಲಕಗಳಿಗೆ ಹಿಂಬದಿಯಲ್ಲಿ ಹಿಡಿಯನ್ನು ಜೋಡಿಸಿ, ಬಲಿಪೂಜೆಯಲ್ಲಿ ಶಾಂತಿಯ ಮುದ್ದಿಗಾಗಿ ಒಬ್ಬರಿಂದೊಬ್ಬರಿಗೆ ನೀಡಲಾಗುತ್ತಿತ್ತು. ಲತೀನಿನಲ್ಲಿ 'ಶಾಂತಿ' ಎಂಬರ್ಥದ 'ಪಾಕ್ಸ್' ಎಂಬುದೇ ಅದರ ಹೆಸರಾಯಿತು.

ಭಕ್ತಿಗಾಗಿ ಹುಟ್ಟಿದ ಈ ಫಲಕಗಳೇ ಮುಂದೆ ವಿಶ್ವಾಸದ ಕಠಿಣ ಪರೀಕ್ಷೆಗೂ ಬಳಕೆಯಾದವು. 1549ರಲ್ಲಿ ಸಂತ ಫ್ರಾನ್ಸಿಸ್ ಝೇವಿಯರರು ಶುಭಸಂದೇಶವನ್ನು ಜಪಾನಿಗೆ ಒಯ್ದರು. ನಮ್ಮ ದೇಶದ ವಸೈಯಲ್ಲಿ ಜನಿಸಿದ ಸಂತ ಗೊನ್ಸಾಲೊ ಗಾರ್ಸಿಯಾ 1597ರಲ್ಲಿ ನಾಗಸಾಕಿಯಲ್ಲಿ ಶಿಲುಬೆಗೇರಿ ರಕ್ತಸಾಕ್ಷಿಯಾದರು. 1614ರಲ್ಲಿ ಕ್ರೈಸ್ತಧರ್ಮವನ್ನೇ ಅಲ್ಲಿ ನಿಷೇಧಿಸಲಾಯಿತು. ಅಧಿಕಾರಿಗಳು ಯುರೋಪಿನ ಲೋಹಫಲಕಗಳನ್ನು ಮರದ ಹಲಗೆಗೆ ಕೂರಿಸಿ, ಅವುಗಳ ಮೇಲೆ ಕಾಲಿಡುವಂತೆ ಜನರನ್ನು ಬಲವಂತಪಡಿಸಿದರು. ಕಾಲಿಡಲು ಒಪ್ಪದವರಿಗೆ ಸೆರೆ, ಚಿತ್ರಹಿಂಸೆ, ಮರಣ ಕಾದಿರುತ್ತಿದ್ದವು. 1669ರಲ್ಲಿ ಇದಕ್ಕೆಂದೇ 20 ಹಿತ್ತಾಳೆಯ ಫಲಕಗಳನ್ನು ಎರಕ ಹೊಯ್ಯಿಸಲಾಯಿತು. ಹಲವರು ಪ್ರಾಣವನ್ನೇ ಕೊಟ್ಟರು. ಕಾಲಿಟ್ಟವರಲ್ಲಿ ಅನೇಕರು ಮನೆಗೆ ಮರಳಿ ಪಶ್ಚಾತ್ತಾಪದ ಪ್ರಾರ್ಥನೆ ಮಾಡಿ, ಮಕ್ಕಳಿಗೆ ಗುಟ್ಟಾಗಿ ಧರ್ಮೋಪದೇಶ ನೀಡಿದರು.

ಇನ್ನೂರು ವರ್ಷಗಳಿಗೂ ಮಿಕ್ಕಿ ಗುರುಗಳಿಲ್ಲದೆ ಉಳಿದ ಆ ವಿಶ್ವಾಸಿಗಳು 1865ರ ಮಾರ್ಚ್ 17ರಂದು ನಾಗಸಾಕಿಯ ಔರಾ ದೇವಾಲಯಕ್ಕೆ ಬಂದು, ಫಾದರ್ ಪೆತಿಜಾನರ ಮುಂದೆ ತಮ್ಮನ್ನು ಪ್ರಕಟಪಡಿಸಿಕೊಂಡರು; ಮಾತೆ ಮರಿಯಮ್ಮನವರ ಪ್ರತಿಮೆ ಎಲ್ಲಿದೆಯೆಂದು ಕೇಳಿದರು. ಪೆತಿಜಾನರು ಸೇರಿದ್ದ ಪ್ಯಾರಿಸ್ ವಿದೇಶ ಮಿಷನ್ ಸಭೆಯ ಗುರುಗಳೇ ಅದೇ ಕಾಲದಲ್ಲಿ ನಮ್ಮ ಮೈಸೂರು ಸೀಮೆಯಲ್ಲಿಯೂ ಸೇವೆ ಸಲ್ಲಿಸುತ್ತಿದ್ದರೆಂಬುದು ಸ್ಮರಣೀಯ.

ಲೋಹವು ಪೂಜ್ಯವಲ್ಲ; ಅದು ಯಾರನ್ನು ನೆನಪಿಸುತ್ತದೆಯೋ ಅವರು ಪೂಜ್ಯರು. ಅಜ್ಜಿಯ ಸವೆದ ಪದಕವನ್ನು ಹಳೆಯ ಪಾತ್ರೆಗಳೊಂದಿಗೆ ತೂಕಕ್ಕೆ ಹಾಕುವ ಮುನ್ನ ನಾವು ಒಂದು ಕ್ಷಣ ತಡೆಯೋಣ. ಅದನ್ನು ಮಕ್ಕಳ ಅಂಗೈಯಲ್ಲಿಟ್ಟು, ಅದರ ಮುಂದೆ ಯಾರು, ಯಾವ ಸಂಕಟದಲ್ಲಿ ಪ್ರಾರ್ಥಿಸಿದ್ದರೆಂದು ತಿಳಿಸೋಣ. ಜಪಾನಿನ ವಿಶ್ವಾಸಿಗಳು ಉಳಿಸಿಕೊಂಡದ್ದೂ ಇದನ್ನೇ: ಮನೆಯಲ್ಲಿ ಹಿರಿಯರಿಂದ ಕಿರಿಯರಿಗೆ ದಾಟಿಬಂದ ಪ್ರಾರ್ಥನೆಯನ್ನು.